ಆಟದ ಯಂತ್ರದ ಬೀಗದ ಕೈ

ಮನೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರದ ರೀತಿಯೇ ಬೇರೆ. ಅದರೊಳಗಿರುವುದೂ ಕಂಪ್ಯೂಟರೇ, ಆದರೆ ಅದರಲ್ಲಿ ಯಾವ ಆಟ ನಡೆಯಬೇಕೆಂದು ತೀರ್ಮಾನಿಸುವವರು ತಯಾರಕರು. 1983ರಲ್ಲಿ ಕಳಪೆ ಆಟಗಳು ತುಂಬಿ ಅಮೆರಿಕದ ಮಾರುಕಟ್ಟೆ ಕುಸಿದ ಮೇಲೆ ಈ ಹಿಡಿತ ಬಿಗಿಯಾಯಿತು. 1985ರಲ್ಲಿ ಅಲ್ಲಿಗೆ ಬಂದ ನಿಂಟೆಂಡೊ ಯಂತ್ರದೊಳಗೆ ಬೀಗದಂಥ ಒಂದು ಚಿಪ್ ಇತ್ತು. ಅದಕ್ಕೆ ಹೊಂದುವ ಚಿಪ್ ಇಲ್ಲದ ಕಾರ್ಟ್ರಿಜ್ ನಡೆಯುತ್ತಿರಲಿಲ್ಲ.

ಇಂಥ ಯಂತ್ರಕ್ಕೆ ಆಟ ಬರೆಯುವವರು ಬೇರೊಂದು ಕಂಪ್ಯೂಟರಿನಲ್ಲಿ ಬರೆಯಬೇಕು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಿ, ಪ್ರಯೋಗಕ್ಕೆಂದೇ ಮಾಡಿದ ವಿಶೇಷ ಯಂತ್ರಕ್ಕೆ ಕಳಿಸಿ ತಪ್ಪು ಹುಡುಕಬೇಕು. ಈ ಸಲಕರಣೆ ದಕ್ಕುತ್ತಿದ್ದುದು ಕರಾರು ಮಾಡಿಕೊಂಡ ಕಂಪನಿಗಳಿಗೆ ಮಾತ್ರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಯಂತ್ರಕ್ಕೆ ಸಾಮರ್ಥ್ಯವಿದ್ದರೂ ಹವ್ಯಾಸಿಗೆ ದಾರಿಯಿರಲಿಲ್ಲ.

ಸೋನಿ ಕಂಪನಿ ಪ್ಲೇಸ್ಟೇಷನ್ ರೂಪಿಸುತ್ತಿದ್ದಾಗ, ಆಟ ಬರೆಯಲು ತನ್ನದೇ ವರ್ಕ್‌ಸ್ಟೇಷನ್ ಬಳಸುವ ಯೋಚನೆಯಲ್ಲಿತ್ತು. ಬ್ರಿಟನ್ನಿನ ಆಂಡಿ ಬೆವರಿಡ್ಜ್ ಮತ್ತು ಮಾರ್ಟಿನ್ ಡೇ ಬೇರೆ ಉಪಾಯ ತೋರಿಸಿದರು: ಸಾಧಾರಣ ಪಿ.ಸಿ.ಯೊಳಗೆ ಕಾರ್ಡ್ ಕೂರಿಸಿದರೆ ಸಾಕು, ಅದೇ ಕೆಲಸ ನಡೆಯುತ್ತದೆ. ಅವರ ‘ಸೈ-ಕ್ಯೂ’ ಸಲಕರಣೆಯನ್ನು ಸೋನಿ ಒಪ್ಪಿಕೊಂಡಿತು. 2005ರಲ್ಲಿ ಅವರ ಕಂಪನಿಯನ್ನೇ ಕೊಂಡಿತು.

ಬಾಗಿಲು ಹವ್ಯಾಸಿಗಳಿಗೂ ಸ್ವಲ್ಪ ತೆರೆದದ್ದು 1996ರಲ್ಲಿ. ಆ ವರ್ಷ ಜಪಾನಿನಲ್ಲಿ, ಮರುವರ್ಷ ಅಮೆರಿಕ ಮತ್ತು ಯುರೋಪಿನಲ್ಲಿ, ಸೋನಿ ‘ನೆಟ್ ಯಾರೋಜೆ’ ಎಂಬ ಕಪ್ಪು ಪ್ಲೇಸ್ಟೇಷನ್ ಮಾರಿತು. ಯಾರೋಜೆ ಎಂದರೆ ಜಪಾನಿ ಆಡುಮಾತಿನಲ್ಲಿ ‘ಮಾಡೋಣ ಬನ್ನಿ’ ಎಂದರ್ಥ. ಜಪಾನಿನಲ್ಲಿ ಬೆಲೆ 1,20,000 ಯೆನ್. ಜೊತೆಗೆ ‘ಸಿ’ ಭಾಷೆಯ ಸಲಕರಣೆ, ಕೈಪಿಡಿಗಳು, ಪಿ.ಸಿ.ಗೆ ಜೋಡಿಸುವ ಕೇಬಲ್ ಇದ್ದವು.

ಆದರೆ ಬೀಗ ಪೂರ್ತಿ ತೆಗೆದಿರಲಿಲ್ಲ. ಬರೆದ ಆಟವನ್ನು ಸಿ.ಡಿ.ಗೆ ಇಳಿಸಿ ಹಂಚುವಂತಿರಲಿಲ್ಲ. ಪ್ರೋಗ್ರಾಂ ಕೇಬಲ್ ಮೂಲಕ ಸಾಗಿ, ಯಂತ್ರದ 2 ಮೆಗಾಬೈಟ್ ಸ್ಮರಣೆಯೊಳಗೇ ಹಿಡಿಸಬೇಕಿತ್ತು. ವಿದ್ಯುತ್ ಆರಿಸಿದರೆ ಅಳಿಸಿಹೋಗುತ್ತಿತ್ತು. ಹೊರಗಿನವರಿಗೆ ಈ ಆಟಗಳು ಸಿಕ್ಕಿದ್ದು ಮುಖ್ಯವಾಗಿ ಪತ್ರಿಕೆಗಳ ಜೊತೆ ಬರುತ್ತಿದ್ದ ಡಿಸ್ಕ್‌ಗಳಲ್ಲಿ. ಆದರೂ ಯಾರೋಜೆಯಲ್ಲಿ ಮೊಳೆತ ‘ಡೆವಿಲ್ ಡೈಸ್’ 1998ರಲ್ಲಿ ಅಂಗಡಿಗೇ ಬಂತು.

ಹವ್ಯಾಸಿಗಳು ಸೇರುತ್ತಿದ್ದ ಸರ್ವರ್‌ಗಳನ್ನು ಸೋನಿ 2009ರಲ್ಲಿ ಮುಚ್ಚಿತು. ಇಂದು ಆಟ ಕಟ್ಟುವ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಆದರೆ ಪ್ಲೇಸ್ಟೇಷನ್ನಿಗೋ ನಿಂಟೆಂಡೊಗೋ ಆಟವನ್ನು ತಲುಪಿಸಲು ಈಗಲೂ ತಯಾರಕರ ಒಪ್ಪಿಗೆ ಬೇಕು. ಸಲಕರಣೆ ಎಲ್ಲರ ಕೈಗೆ ಬಂದಿದೆ. ಬೀಗದ ಕೈ ಮಾತ್ರ ಹಳೆಯ ಯಜಮಾನರ ಸೊಂಟದಲ್ಲೇ ಇದೆ.