ಸುಂಕ ಕಟ್ಟುವವರು, ಸುಂಕ ಹೊರುವವರು

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಎತ್ತಿನ ಮೇಲೆ ಹೇರು ಹೇರಿಕೊಂಡು ದೂರದ ಸಂತೆಗೆ ಹೊರಟವನು ಸುಂಕದ ಕಟ್ಟೆಯ ಬಳಿ ನಿಂತು, ಮಳೆಯಾಗಲಿಲ್ಲವೆಂದೂ ಮನೆಯಲ್ಲಿ ಮದುವೆಯಿದೆಯೆಂದೂ ಎಷ್ಟೇ ಹೇಳಿಕೊಂಡರೂ, ಕೊಡಬೇಕಾದುದನ್ನು ಕೊಟ್ಟೇ ಮುಂದೆ ನಡೆಯಬೇಕು. ಗಾದೆಯ ಮೊನಚು ಸುಂಕದವನ ನಿಷ್ಠುರತೆಯ ಮೇಲಿದೆ, ನಿಜ. ಆದರೆ ಅದರ ಹಿಂದೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ಕಟ್ಟೆಯಲ್ಲಿ ಹಣ ಎಣಿಸಿಕೊಟ್ಟವನು ವ್ಯಾಪಾರಿ. ಆ ಹಣ ನಿಜವಾಗಿ ಹೋದುದು ಯಾರ ಮನೆಯಿಂದ? ಕೊಂಡವನ ಮನೆಯಿಂದಲೋ, ಮಾರಿದವನ ಮನೆಯಿಂದಲೋ, ಅಥವಾ ಎಲ್ಲಕ್ಕೂ ಹಿಂದೆ ಮಗ್ಗದ ಮುಂದೆ ಕುಳಿತಿದ್ದವನ ಮನೆಯಿಂದಲೋ? ಸುಂಕ ಕಟ್ಟುವವನು ಒಬ್ಬ, ಹೊರುವವನು ಇನ್ನೊಬ್ಬ ಎಂಬುದು ಚರಿತ್ರೆಯಲ್ಲಿ ಮತ್ತೆ ಮತ್ತೆ ಕಂಡುಬರುವ ಸಂಗತಿ. ಈ ಲೇಖನದಲ್ಲಿ ನಾವು ಅದನ್ನೇ ವಿಚಾರಿಸಲು ಹೊರಟಿದ್ದೇವೆ.

ಗಡಿನಾಡ ಸಂಘದ ಸ್ಮರಣ ಸಂಚಿಕೆಯಲ್ಲಿ ಇಂಥ ವಿಷಯವೇಕೆ ಎಂದು ವಾಚಕರು ಕೇಳಬಹುದು. ಸಿದ್ಧರಾಮನು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಆ ಸೊಲ್ಲಾಪುರವು ಬಟ್ಟೆಯಿಂದ ಬದುಕಿದ ಊರು. ಇಲ್ಲಿಯ ಚಾದರವೂ ಟವೆಲೂ ದೇಶವಿದೇಶಗಳಿಗೆ ಹೋಗುವುವು. ಈಚಿನ ವರ್ಷಗಳಲ್ಲಿ ಅಂಗಡಿಯಿಲ್ಲದೆಯೇ, ಮನೆಯ ಪಡಸಾಲೆಯಲ್ಲಿ ಗಂಟು ಕಟ್ಟಿ, ಮೊಬೈಲಿನಲ್ಲಿ ಗಿರಾಕಿಯನ್ನು ಹುಡುಕಿ, ಅಂಚೆಯಲ್ಲಿ ಸರಕು ಕಳುಹಿಸುವ ಸಣ್ಣ ವ್ಯಾಪಾರವೂ ಎಲ್ಲೆಡೆ ಬೆಳೆದಿದೆ. ಇಂಥ ಮನೆಗಳಿಗೆ ಸುಂಕವೆಂಬುದು ದೂರದ ರಾಜಕಾರಣವಲ್ಲ; ತಿಂಗಳ ಕೊನೆಯ ದಿನಸಿಯ ಲೆಕ್ಕ. ಅದಲ್ಲದೆ ಗಡಿ ಎಂಬುದೇ ಮೊದಲಿನಿಂದ ಸುಂಕದ ಸ್ಥಾನ. ಗಡಿಯಲ್ಲಿರುವವರು ಸುಂಕದ ಚರಿತ್ರೆಯನ್ನು ಅರಿಯದಿದ್ದರೆ ಮತ್ತಾರು ಅರಿತಾರು?

ನಮ್ಮ ಶಾಸನಗಳನ್ನು ತೆರೆದು ನೋಡಿದರೆ ಸುಂಕದ ಹೆಸರುಗಳೇ ಒಂದು ಕೋಶವಾಗುವಷ್ಟಿವೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಮಾತುಗಳು ಅಡಿಗಡಿಗೆ ಬರುವುವು. ಸುಂಕವೆರ್ಗಡೆ ಎಂಬ ಅಧಿಕಾರಿಯ ಹೆಸರೂ ಕಾಣುವುದು. ಮುಂದೆ ವಿಜಯನಗರದ ಕಾಲಕ್ಕೆ ಬಂದರೆ ಮಗ್ಗದೆರೆ, ಎಂದರೆ ನೇಯುವ ಮಗ್ಗದ ಮೇಲಿನ ತೆರಿಗೆ, ಎದುರಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬೊಬ್ಬನಿದ್ದು, ‘ಬಂಕೇಶ್ವರಲಿಂಗ’ ಎಂಬ ಅಂಕಿತದಿಂದ ವಚನಗಳನ್ನು ರಚಿಸಿದನೆಂಬುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದುದೇ. ಹಾಗಾಗಿ ಸುಂಕದವರೆಲ್ಲರೂ ಸುಖದುಃಖ ಕೇಳದವರಲ್ಲ!

ಈ ಶಾಸನಗಳಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಅಯ್ಯಾವೊಳೆಯ ಐನೂರ್ವರಂಥ ದೊಡ್ಡ ವರ್ತಕ ಸಂಘಗಳು ದೇವಾಲಯಗಳಿಗೆ ದತ್ತಿ ಬಿಡುವಾಗ ಅಡಕೆ, ಎಲೆ, ದವಸ ಮೊದಲಾದುವುಗಳ ಮೇಲೆ ಹೇರಿಗೆ ಇಷ್ಟೆಂದು ತಾವೇ ಗೊತ್ತುಮಾಡುತ್ತಿದ್ದುವು. ಇಂತಿಷ್ಟು ಎತ್ತುಗಳ ಹೇರಿಗೆ ಸುಂಕ ಮನ್ನಾ ಎಂಬ ಮಾತುಗಳೂ ಶಾಸನಗಳಲ್ಲಿವೆ. ಒಟ್ಟಾಗಿ ನಿಂತವರು ಸುಂಕದವನೊಡನೆ ಮಾತನಾಡಬಲ್ಲರು. ಒಂಟಿಯಾಗಿ ಬಂದವನು ಕೊಟ್ಟು ಹೋಗಬೇಕು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ವಿನಂತಿ.

ಇನ್ನು ಕಡಲಾಚೆಯ ಮಾತಿಗೆ ಬರೋಣ. ಹದಿನೇಳನೆಯ ಶತಮಾನದ ಕೊನೆಯ ವೇಳೆಗೆ ಹಿಂದುಸ್ತಾನದ ಹತ್ತಿಬಟ್ಟೆಗೆ ಇಂಗ್ಲೆಂಡಿನಲ್ಲಿ ಎಷ್ಟು ಬೇಡಿಕೆ ಹುಟ್ಟಿತೆಂದರೆ, ಅಲ್ಲಿಯ ಉಣ್ಣೆ, ರೇಷ್ಮೆಗಳ ನೇಕಾರರು ದಂಗೆಯೆದ್ದರು. ೧೭೦೦ ಮತ್ತು ೧೭೨೧ರಲ್ಲಿ ಅಲ್ಲಿಯ ಪಾರ್ಲಿಮೆಂಟು ಅಚ್ಚು ಹಾಕಿದ ಹತ್ತಿಬಟ್ಟೆಯ ಬಳಕೆಗೆ ಕಾನೂನಿನಿಂದಲೇ ತಡೆಯೊಡ್ಡಿತು. ಮುಂದೆ ೧೮೨೪ರಲ್ಲಿಯೂ ನಮ್ಮ ಸಾದಾ ಹತ್ತಿಬಟ್ಟೆಯ ಮೇಲೆ ಅಲ್ಲಿ ನೂರಕ್ಕೆ ೬೭½ರಂತೆ ಸುಂಕವಿತ್ತು. ಇತ್ತ ಅವರ ಯಂತ್ರದ ಬಟ್ಟೆ ನಮ್ಮ ಬಂದರುಗಳಲ್ಲಿ ಅಲ್ಪ ಸುಂಕ ಕೊಟ್ಟು ಒಳಗೆ ಬರುತ್ತಿತ್ತು. ನಮ್ಮ ನೇಕಾರನು ಇಂಗ್ಲೆಂಡಿನ ಸುಂಕದ ಕಟ್ಟೆಯನ್ನು ಕಂಡವನಲ್ಲ. ಆದರೂ ಅದರ ಭಾರ ಅವನ ಒಲೆಯ ಮೇಲೆ ಬಿದ್ದಿತು.

ಅದೇ ಕಾಲದಲ್ಲಿ ದೇಶದ ಒಳಗೂ ಕಟ್ಟೆಗಳಿದ್ದುವು. ಕಂಪನಿಯ ಆಳ್ವಿಕೆಯಲ್ಲಿ ಸರಕು ಊರಿನಿಂದೂರಿಗೆ ಹೋಗುವಾಗ ರವಾನೆಯ ಚೀಟಿ ಇರಬೇಕು, ಚೌಕಿ ಚೌಕಿಗೆ ತೋರಿಸಬೇಕು. ಬಂಗಾಳದ ಒಳನಾಡ ಸುಂಕಗಳನ್ನು ಕುರಿತು ೧೮೩೦ರ ದಶಕದಲ್ಲಿ ವರದಿ ಬರೆದ ಟ್ರೆವೆಲಿಯನ್ ಎಂಬ ಅಧಿಕಾರಿಯು, ಸರಕಾರದ ಬೊಕ್ಕಸಕ್ಕೆ ಬರುವುದಕ್ಕಿಂತ ಜನರಿಗಾಗುವ ಕಿರುಕುಳವೇ ಹೆಚ್ಚೆಂದು ತೋರಿಸಿದನು. ಬಂಗಾಳದಲ್ಲಿ ೧೮೩೬ರಲ್ಲಿ, ಸೊಲ್ಲಾಪುರ ಸೇರಿದ್ದ ಮುಂಬಯಿ ಇಲಾಖೆಯಲ್ಲಿ ೧೮೩೮ರಲ್ಲಿ, ಮದರಾಸಿನಲ್ಲಿ ೧೮೪೪ರಲ್ಲಿ ಈ ಒಳಸುಂಕಗಳು ರದ್ದಾದುವು. ಇಲ್ಲಿಯ ಪಾಠವಿಷ್ಟು: ಸುಂಕದ ಭಾರವು ಅದರ ದರದಲ್ಲಿ ಮಾತ್ರವಿಲ್ಲ; ಕಾಯುವ ಹೊತ್ತಿನಲ್ಲಿ, ತೋರಿಸಬೇಕಾದ ಕಾಗದದಲ್ಲಿ, ತಡೆದು ನಿಲ್ಲಿಸುವವನ ಮರ್ಜಿಯಲ್ಲಿಯೂ ಇದೆ. ನೂರು ಹೇರಿನ ವ್ಯಾಪಾರಿಗೆ ಒಂದು ಚೀಟಿಯ ತೊಂದರೆ ನೂರರಲ್ಲಿ ಒಂದು ಪಾಲು. ಒಂದೇ ಹೇರಿನವನಿಗೆ ಅದು ಪೂರ್ತಿ ಹೇರಿನ ತೊಂದರೆ.

೧೮೬೦ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂದಿತು; ೧೮೭೭ರಲ್ಲಿ ಮೊದಲನೆಯ ಗಿರಣಿಯ ಸಿಳ್ಳು ಕೇಳಿಸಿತು. ಗಿರಣಿಗಳು ಬೆಳೆಯುತ್ತಲೇ ಮ್ಯಾಂಚೆಸ್ಟರಿನ ಕಣ್ಣು ಇತ್ತ ಬಿದ್ದಿತು. ೧೮೮೨ರಲ್ಲಿ ವಿದೇಶಿ ಬಟ್ಟೆಯ ಮೇಲಿನ ಸುಂಕವನ್ನೇ ತೆಗೆದುಹಾಕಿದರು. ಬೊಕ್ಕಸ ಬರಿದಾಗಿ ೧೮೯೪ರಲ್ಲಿ ಮತ್ತೆ ಹೇರಬೇಕಾಯಿತು. ಆದರೆ ೧೮೯೬ರಲ್ಲಿ ಅದನ್ನು ನೂರಕ್ಕೆ ೩½ಕ್ಕೆ ಇಳಿಸಿ, ಅಷ್ಟನ್ನೇ ನಮ್ಮ ಗಿರಣಿಗಳು ನೇದ ಬಟ್ಟೆಯ ಮೇಲೂ ವಿಧಿಸಿದರು. ಹೊರಗಿನವನಿಗೆ ಹಾಕಿದ ಹೊರೆಯನ್ನು ಮನೆಯವನ ಹೆಗಲ ಮೇಲೂ ಇಟ್ಟು ‘ಸಮಾನತೆ’ ಎಂದು ಕರೆದಂತಾಯಿತು. ದಾದಾಭಾಯಿಯವರ ಪೀಳಿಗೆಯ ದೇಶಭಕ್ತರು ಇದನ್ನು ಎಷ್ಟು ಖಂಡಿಸಿದರೂ, ಆ ಸುಂಕವನ್ನು ನಿಲ್ಲಿಸಿದುದು ೧೯೨೫ರ ಡಿಸೆಂಬರಿನಲ್ಲಿ.

ಇಲ್ಲಿಂದ ಮುಂದಿನ ಕಥೆ ಇನ್ನೂ ಸೂಕ್ಷ್ಮವಾದುದು. ದೇಶೀಯ ಗಿರಣಿಗಳ ರಕ್ಷಣೆಗೆಂದು ಸುಂಕಗಳು ಏರತೊಡಗಿದುವು. ೧೯೨೨ರಲ್ಲಿ ವಿದೇಶಿ ನೂಲಿನ ಮೇಲೆ ನೂರಕ್ಕೆ ೫. ೧೯೨೭ರಲ್ಲಿ ಅದು ಪೌಂಡಿಗೆ ಕನಿಷ್ಠ ಒಂದೂವರೆ ಆಣೆ. ೧೯೩೩ರ ವೇಳೆಗೆ ಬ್ರಿಟನ್ನಿನದಲ್ಲದ ವಿದೇಶಿ ಬಟ್ಟೆಯ ಮೇಲೆ, ಮುಖ್ಯವಾಗಿ ಜಪಾನಿನ ಬಟ್ಟೆಯನ್ನು ತಡೆಯಲು, ನೂರಕ್ಕೆ ೭೫. ಬಟ್ಟೆಯ ಮೇಲಿನ ಸುಂಕ ಗಿರಣಿಗೂ ನೇಕಾರನಿಗೂ ಆಸರೆಯಾಯಿತೆನ್ನೋಣ. ನೂಲಿನ ಮೇಲಿನ ಸುಂಕವೋ? ನೂಲು ತೆಗೆಯುವ ಗಿರಣಿಗೆ ಅದು ಕೊಡೆ; ನೂಲು ಕೊಂಡು ಕೈಮಗ್ಗದಲ್ಲಿ ನೇಯುವವನಿಗೆ ಅದು ಹೊರೆ. ಒಂದೇ ಓಣಿಯಲ್ಲಿ ಗಿರಣಿಗೆ ಹೋಗುವ ಅಣ್ಣನ ಕೂಲಿಯನ್ನು ಉಳಿಸಿದ ಸುಂಕವೇ ಮನೆಯಲ್ಲಿ ಮಗ್ಗ ಹೂಡಿದ ತಮ್ಮನ ಲಾಭವನ್ನು ತಿಂದುಹಾಕಬಲ್ಲುದು. ಸುಂಕ ಒಳ್ಳೆಯದೋ ಕೆಟ್ಟದೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರು ಈ ಅಣ್ಣತಮ್ಮಂದಿರನ್ನು ನೆನೆಯಬೇಕು.

ಸ್ವಾತಂತ್ರ್ಯಾನಂತರ ನಮ್ಮ ಊರುಗಳ ಬಾಗಿಲಲ್ಲಿದ್ದ ಜಕಾತಿ ನಾಕೆಗಳು ಹಿರಿಯರಿಗೆಲ್ಲ ನೆನಪಿವೆ. ಈಗ ಅವು ಇಲ್ಲ. ೨೦೧೭ರ ಜುಲೈ ೧ರಿಂದ ಜಿಎಸ್‌ಟಿ ಬಂದು, ದೇಶವೆಲ್ಲ ಒಂದೇ ಪೇಟೆಯೆನಿಸಿತು. ರಾಜ್ಯ ರಾಜ್ಯಗಳ ನಡುವೆ ಲಾರಿಗಳ ಸಾಲು ಕರಗಿದುದು ದೊಡ್ಡ ಉಪಕಾರವೇ ಸರಿ. ಆದರೂ ಗಡಿಯ ಗೆರೆ ಕಾಗದದಲ್ಲಿ ಉಳಿದುಕೊಂಡಿತು. ಅಕ್ಕಲಕೋಟೆಯ ಒಬ್ಬ ಗೃಹಿಣಿಯು ಯಂತ್ರದ ಮಗ್ಗದ ಚಾದರಗಳನ್ನು ಮನೆಯಿಂದಲೇ ಮಾರುತ್ತಾಳೆಂದು ಭಾವಿಸೋಣ. ಆಕೆ ಪುಣೆಗೆ ಕಳುಹಿಸಿದರೆ ಅದು ರಾಜ್ಯದೊಳಗಿನ ಮಾರಾಟ. ವರ್ಷದ ವಹಿವಾಟು ೪೦ ಲಕ್ಷ ರೂಪಾಯಿ ಮೀರದಿದ್ದರೆ ನೋಂದಣಿ ಬೇಕಿಲ್ಲ. ಪುಣೆಗಿಂತ ಎಷ್ಟೋ ಹತ್ತಿರವಿರುವ ಆಳಂದಕ್ಕೆ ಒಂದು ಚಾದರ ಕಳುಹಿಸಿದರೆ ಅದು ಅಂತರರಾಜ್ಯ ಮಾರಾಟ. ೨೦೧೭ರ ಕಾನೂನು ವಹಿವಾಟು ಎಷ್ಟೇ ಅಲ್ಪವಿದ್ದರೂ ಇದಕ್ಕೆ ನೋಂದಣಿ ಬೇಕೆಂದಿತು. ಅಂತರಜಾಲದ ಪೇಟೆಗಳ ಮೂಲಕ ಮಾರುವ ಸಣ್ಣವರಿಗೆ ೨೦೨೩ರ ಅಕ್ಟೋಬರ್ ೧ರಿಂದ ದೊರೆತ ಸಡಿಲಿಕೆಯೂ ರಾಜ್ಯದೊಳಗಿನ ಮಾರಾಟಕ್ಕೇ ದೊರೆತುದು. ಕರಕುಶಲ ವಸ್ತುಗಳಿಗೆ ಬೇರೆ ವಿನಾಯಿತಿ ಉಂಟು; ಯಂತ್ರದ ಮಗ್ಗಕ್ಕೆ ಅದಿಲ್ಲ. ತೆರಿಗೆಯ ದರ ಎರಡೂ ಕಡೆಗೆ ಒಂದೇ. ಬೇರೆಯಾದುದು ಕಾಗದದ ಭಾರ. ಮಾತು ಒಂದು, ನೆಂಟಸ್ತಿಕೆ ಒಂದು, ಸಂತೆ ಒಂದು. ಆದರೆ ಚೀಟಿ ಎರಡು. ಟ್ರೆವೆಲಿಯನ್ನನ ಕಾಲದ ಚೌಕಿಯನ್ನು ಇಲ್ಲಿ ನೆನೆಯದಿರುವುದು ಹೇಗೆ?

ಇನ್ನು ೨೦೨೫ರ ಸಂಗತಿ. ಅಮೆರಿಕದ ೧೯೩೦ರ ಸುಂಕದ ಕಾನೂನಿಗೆ ೧೯೩೮ರಲ್ಲಿ ಒಂದು ವಿನಾಯಿತಿ ಸೇರಿತ್ತು. ಅತ್ಯಲ್ಪ ಬೆಲೆಯ ಗಂಟಿನಿಂದ ಬರುವ ಸುಂಕಕ್ಕಿಂತ ಅದನ್ನು ವಸೂಲು ಮಾಡುವ ಖರ್ಚೇ ಹೆಚ್ಚಾದುದರಿಂದ, ಅಂಥದನ್ನು ಬಿಟ್ಟುಬಿಡಬೇಕೆಂಬುದು ಅದರ ತಾತ್ಪರ್ಯ. ೨೦೧೬ರಲ್ಲಿ ಆ ಮಿತಿ ೨೦೦ ಡಾಲರಿನಿಂದ ೮೦೦ ಡಾಲರಿಗೆ ಏರಿತು. ಅಂತರಜಾಲದ ಮೂಲಕ ಒಂದೊಂದೇ ವಸ್ತು ಮಾರುವ ಜಗತ್ತಿನ ಸಣ್ಣ ವ್ಯಾಪಾರಿಗಳಿಗೆ ಇದೇ ಹೆಬ್ಬಾಗಿಲಾಯಿತು. ಈ ಬಾಗಿಲಿನಿಂದ ದೊಡ್ಡ ಕಂಪನಿಗಳ ಅಗ್ಗದ ಸರಕೂ ರಾಶಿರಾಶಿಯಾಗಿ ನುಗ್ಗಿತೆಂಬ ದೂರು ಅಮೆರಿಕದಲ್ಲಿ ಎದ್ದಿತು. ಮೊದಲು ೨೦೨೫ರ ಮೇ ೨ರಿಂದ ಚೀನದ ಸರಕಿಗೆ, ಬಳಿಕ ಆಗಸ್ಟ್ ೨೯ರಿಂದ ಎಲ್ಲ ದೇಶಗಳ ಸರಕಿಗೆ ಈ ವಿನಾಯಿತಿ ನಿಂತಿತು. ಅದಕ್ಕೆ ಎರಡು ದಿನ ಮುಂಚೆ, ಆಗಸ್ಟ್ ೨೭ರಂದು, ಭಾರತದ ಬಹುತೇಕ ಸರಕುಗಳ ಮೇಲೆ ಅಮೆರಿಕವು ಹೇರಿದ ಹೆಚ್ಚುವರಿ ಸುಂಕವು ನೂರಕ್ಕೆ ೫೦ ಆಗಿತ್ತು.

ಅಲ್ಲಿ ಸುಂಕವನ್ನು ಯಾರು ಎತ್ತಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಾಗದೆ, ನಮ್ಮ ಅಂಚೆ ಇಲಾಖೆಯು ಆಗಸ್ಟ್ ೨೫ರಿಂದ ಅಮೆರಿಕಕ್ಕೆ ಪಾರ್ಸೆಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅಕ್ಟೋಬರ್ ೧೫ಕ್ಕೆ ಮತ್ತೆ ತೊಡಗಿದಾಗ, ಘೋಷಿಸಿದ ಬೆಲೆಯ ನೂರಕ್ಕೆ ೫೦ರಷ್ಟು ಸುಂಕವನ್ನು ಇಲ್ಲಿಯೇ, ಪಾರ್ಸೆಲ್ ಕೊಡುವಾಗಲೇ ಕಟ್ಟಬೇಕಾಯಿತು. ಲೆಕ್ಕಕ್ಕೆ ಹಿಡಿಯೋಣ: ಎರಡು ಸಾವಿರ ರೂಪಾಯಿಯ ಒಂದು ಹಾಸುಹೊದಿಕೆ, ಮಾರುವವಳಿಗೆ ಉಳಿಯುವ ಲಾಭ ಮುನ್ನೂರು. ಸುಂಕ ಒಂದು ಸಾವಿರ. ಪೂರ್ತಿ ಗಿರಾಕಿಯ ಮೇಲೆ ಹಾಕಿದರೆ ಮೂರು ಸಾವಿರವಾಗಿ ಗಿರಾಕಿ ಕೈಬಿಡುತ್ತಾನೆ. ಅರ್ಧ ತಾನು ಹೊತ್ತರೆ ಮುನ್ನೂರರ ಲಾಭ ಹೋಗಿ ಇನ್ನೂರರ ನಷ್ಟ. ದೊಡ್ಡ ಕಾರ್ಖಾನೆ ಇನ್ನೊಂದು ದೇಶದ ಗಿರಾಕಿಯನ್ನು ಹುಡುಕೀತು, ಬ್ಯಾಂಕಿನ ಸಾಲದಿಂದ ಆರು ತಿಂಗಳು ಕಾದೀತು. ಮನೆಯ ಮೂಲೆಯಲ್ಲಿ ಗಂಟು ಕಟ್ಟಿಟ್ಟವಳಿಗೆ ಕಾಯುವ ಶಕ್ತಿ ಎಲ್ಲಿಯದು? ಸರಕಿನಲ್ಲಿ ಸಿಕ್ಕ ಹಣವೇ ಮಕ್ಕಳ ಶಾಲೆಯ ಹಣ.

ಅತ್ತ ಅಮೆರಿಕದ ಮನೆಗಳಲ್ಲಿಯೂ ಕೊಳ್ಳುವವರು ಹೆಚ್ಚು ಬೆಲೆ ತೆತ್ತರು, ಇಲ್ಲವೇ ವಸ್ತುವನ್ನೇ ಬಿಟ್ಟರು. ನಮ್ಮ ದೇಶವೂ ಇಂಥ ಬಾಗಿಲನ್ನು ಮುಚ್ಚಿದೆ ಎಂಬುದನ್ನು ಮರೆಯಬಾರದು. ಹೊರದೇಶದಿಂದ ಬರುವ ೫,೦೦೦ ರೂಪಾಯಿವರೆಗಿನ ಉಡುಗೊರೆಗೆ ಇದ್ದ ವಿನಾಯಿತಿಯನ್ನು, ವ್ಯಾಪಾರದ ಸರಕು ಉಡುಗೊರೆಯ ವೇಷದಲ್ಲಿ ಬರುತ್ತಿದೆಯೆಂಬ ಕಾರಣದಿಂದ, ೨೦೧೯ರ ಡಿಸೆಂಬರಿನಲ್ಲಿ ನಮ್ಮ ಸರಕಾರ ತೆಗೆದುಹಾಕಿತು. ಜೀವರಕ್ಷಕ ಔಷಧಕ್ಕೂ ರಾಖಿಗೂ ಮಾತ್ರ ರಿಯಾಯಿತಿ ಉಳಿಯಿತು. ಪ್ರತಿಯೊಂದು ಸರಕಾರಕ್ಕೂ ತನ್ನ ಕಾರಣಗಳುಂಟು. ಆ ಕಾರಣಗಳಲ್ಲಿ ಹುರುಳೂ ಉಂಟು.

ಆದರೆ ಶಾಸನಗಳಿಂದ ಅಂಚೆಯ ಪಾರ್ಸೆಲಿನವರೆಗೆ ಬಂದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಸುಂಕವು ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹರಿಯುವುದು. ಯಾರಿಗೆ ಕಾಯಲಾಗದೋ, ಯಾರಿಗೆ ಬೇರೆ ದಾರಿಯಿಲ್ಲವೋ, ಅವರ ಅಂಗಳದಲ್ಲಿ ಅದು ನಿಲ್ಲುವುದು. ಆದುದರಿಂದ ಸಣ್ಣ ವ್ಯಾಪಾರಕ್ಕೆ ಕೈಹಾಕಿದ ನಮ್ಮ ಮನೆಗಳು ಮೂರು ಎಚ್ಚರಗಳನ್ನು ಇಟ್ಟುಕೊಳ್ಳತಕ್ಕದ್ದು. ಮೊದಲನೆಯದು, ಮನೆಯ ಖರ್ಚಿನ ಹಣವನ್ನೂ ಸರಕಿನ ಹಣವನ್ನೂ ಒಂದೇ ಡಬ್ಬಿಯಲ್ಲಿಡದಿರುವುದು. ಎರಡನೆಯದು, ಒಂದೇ ಊರಿನ ಅಥವಾ ಒಂದೇ ದೇಶದ ಗಿರಾಕಿಯನ್ನು ನಂಬಿ ಸಾಲ ಮಾಡದಿರುವುದು. ಮೂರನೆಯದು, ಅಯ್ಯಾವೊಳೆಯ ವರ್ತಕರಂತೆ ಒಟ್ಟಾಗುವುದು. ಹತ್ತು ಮನೆಗಳು ಕೂಡಿ ಒಂದು ಸಹಕಾರ ಸಂಘವಾದರೆ ನೋಂದಣಿ ಒಂದೇ, ಲೆಕ್ಕಿಗನೊಬ್ಬನೇ; ಗಡಿಯಾಚೆಗೆ ಕಳುಹಿಸುವ ಕಾಗದದ ಭಾರ ಹತ್ತು ಪಾಲಾಗಿ ಹಂಚಿಹೋಗುವುದು; ಸರಕಾರಕ್ಕೆ ಮನವಿ ಬರೆದರೂ ಅದಕ್ಕೆ ತೂಕ ಬರುವುದು. ಭಾಷೆಯ ಕೆಲಸಕ್ಕೆ ಒಟ್ಟಾಗಿ ನಿಲ್ಲುವುದನ್ನು ಗಡಿಯ ಕನ್ನಡಿಗರು ಬಹುಕಾಲದಿಂದ ಬಲ್ಲರು. ಅದೇ ಒಗ್ಗಟ್ಟು ನಮ್ಮ ಅಕ್ಕತಂಗಿಯರ ಗಂಟುಮೂಟೆಗಳಿಗೂ ಆಸರೆಯಾಗಲೆಂದು ನಾವು ಹಾರೈಸುತ್ತೇವೆ.