ಚಾಂಗಿ ಸೆರೆಮನೆಯ ನಾಮಾಂಕಿತ ಕೌದಿಗಳು

ಶಿಲೆ, ತಾಮ್ರಪಟ, ಓಲೆಗರಿ ಇವು ಮೂರೂ ಇತಿಹಾಸಕ್ಕೆ ಆಕರಗಳೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಬಟ್ಟೆಯ ಮೇಲಣ ಬರೆಹಕ್ಕೆ ಮಾತ್ರ ಆ ಮನ್ನಣೆಯು ಇನ್ನೂ ದೊರೆತಿಲ್ಲ. ಬಟ್ಟೆಯು ಬೇಗನೆ ಜೀರ್ಣವಾಗತಕ್ಕ ವಸ್ತುವೆಂಬುದು ಇದಕ್ಕೊಂದು ಕಾರಣ. ಅದು ಹೆಂಗಸರ ಕೈಗೆಲಸ, ಅದರಲ್ಲಿ ಚರಿತ್ರೆ ಏನಿದ್ದೀತು ಎಂಬ ಉಪೇಕ್ಷೆಯು ಮತ್ತೊಂದು. ಆದರೆ ಹಲವರು ಸೇರಿ ತಮ್ಮ ತಮ್ಮ ಹೆಸರುಗಳನ್ನು ಮಸಿಯಿಂದಲೋ ಕಸೂತಿಯಿಂದಲೋ ಬರೆದು, ಆ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿಗಳು ಕೆಲವು ದೇಶಗಳಲ್ಲಿ ಉಳಿದುಬಂದಿವೆ. ಇವನ್ನು ನಾಮಾಂಕಿತ ಕೌದಿಗಳೆಂದು ಕರೆಯಬಹುದು. ಈ ಹೆಸರುಗಳ ಹಿಂದಿರುವ ಕುಟುಂಬಗಳನ್ನು ಕಂಡುಹಿಡಿಯುವ ಕ್ರಮವೆಂತಹುದು, ಅದರಿಂದ ಚರಿತ್ರೆಗೆ ಆಗುವ ಪ್ರಯೋಜನವೇನು ಎಂಬುದನ್ನು ಸಿಂಗಾಪುರದ ಚಾಂಗಿ ಸೆರೆಮನೆಯ ಕೌದಿಗಳನ್ನು ನಿದರ್ಶನವಾಗಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಪದ್ಧತಿಯ ಮೂಲವನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ಅಮೆರಿಕದ ಪೂರ್ವಪ್ರಾಂತಗಳಾದ ಪೆನ್ಸಿಲ್ವೇನಿಯ, ನ್ಯೂಜರ್ಸಿ, ಮೇರಿಲ್ಯಾಂಡ್‌ಗಳಲ್ಲಿ ಇದು ೧೮೪೦ರ ಸುಮಾರಿಗೆ ಬಳಕೆಗೆ ಬಂದಿತು. ತೊಳೆದರೂ ಹೋಗದ, ಬಟ್ಟೆಯನ್ನು ತಿನ್ನದ ಮಸಿಯು ಆ ಕಾಲಕ್ಕೆ ದೊರೆಯತೊಡಗಿದುದೂ ಇದಕ್ಕೆ ಸಹಾಯವಾಯಿತು. ಮದುವೆಯಾಗಿ ಹೋಗುವ ಹೆಣ್ಣಿಗೆ, ಊರು ಬಿಟ್ಟು ಪಶ್ಚಿಮದ ಹೊಸ ಸೀಮೆಗೆ ತೆರಳುವ ಸಂಸಾರಕ್ಕೆ, ಬಂಧುಗಳೂ ನೆರೆಯವರೂ ತಮ್ಮ ಹೆಸರು ಬರೆದ ತುಂಡುಗಳನ್ನು ಕೂಡಿಸಿ ಕಾಣಿಕೆಯಾಗಿ ಕೊಡುತ್ತಿದ್ದರು. ಅದೇ ದೇಶದಲ್ಲಿ ೧೮೪೦ರ ವರೆಗಿನ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ದಾಖಲೆಯಾಗಿದೆ. ಉಳಿದವರೆಲ್ಲ ವಯಸ್ಸಿನ ಮೇರೆಗೆ ಎಣಿಕೆಯ ಅಂಕಿಗಳಾಗಿರುವರು. ೧೮೫೦ರಲ್ಲಿ ಮೊದಲಬಾರಿಗೆ ಸ್ವತಂತ್ರರಾದವರೆಲ್ಲರ ಹೆಸರುಗಳನ್ನು ಬರೆದರು. ಮನೆಯ ಯಜಮಾನನಿಗೂ ಅವರಿಗೂ ಇದ್ದ ಸಂಬಂಧವನ್ನು ಬರೆದುದು ೧೮೮೦ರಲ್ಲಿ. ೧೮೯೦ರ ಗಣತಿಯಾದರೋ ೧೯೨೧ರ ಬೆಂಕಿಯ ದೆಸೆಯಿಂದ ಬಹುಮಟ್ಟಿಗೆ ನಾಶವಾಯಿತು. ಹೀಗಿರಲಾಗಿ, ೧೮೪೫ರಲ್ಲಿ ಕೌದಿಯ ಮೇಲೆ ತನ್ನ ಹೆಸರನ್ನು ಬರೆದ ಗೃಹಿಣಿಯು ಸರಕಾರದ ಲೆಕ್ಕದಲ್ಲಿ ಒಂದು ಅಂಕಿ. ಬಟ್ಟೆಯ ತುಂಡಿನಲ್ಲಿ ಮಾತ್ರ ಅವಳೊಬ್ಬ ವ್ಯಕ್ತಿ. ಈ ವ್ಯತ್ಯಾಸವೇ ಇಂತಹ ಕೌದಿಗಳ ಮಹತ್ತ್ವಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಈಗ ಚಾಂಗಿಯ ವಿಷಯಕ್ಕೆ ಬರೋಣ. ೧೯೪೨ನೆಯ ಇಸವಿ ಫೆಬ್ರವರಿ ೧೫ರಂದು ಸಿಂಗಾಪುರವು ಜಪಾನೀಯರ ವಶವಾಯಿತು. ಸೈನಿಕರಲ್ಲದ ಐರೋಪ್ಯರನ್ನೂ ಅವರ ಸಂಬಂಧಿಗಳನ್ನೂ ಮಾರ್ಚಿಯಲ್ಲಿ ಚಾಂಗಿಯ ಸೆರೆಮನೆಯಲ್ಲಿರಿಸಿದರು. ಅವರಲ್ಲಿ ಹೆಂಗಸರೂ ಮಕ್ಕಳೂ ಸೇರಿ ಸುಮಾರು ೪೦೦ ಮಂದಿ. ಗಂಡಸರನ್ನು ಬೇರೆ ಭಾಗದಲ್ಲಿರಿಸಿ, ಇತ್ತಣ ಸುದ್ದಿಯು ಅತ್ತ ಹೋಗದಂತೆ ತಡೆದಿದ್ದರು. ಸೈನಿಕ ಬಂದಿಗಳಿದ್ದುದು ಇನ್ನೊಂದು ಶಿಬಿರದಲ್ಲಿ. ಗಂಡನು ಬದುಕಿರುವನೋ ಇಲ್ಲವೋ ಎಂದು ಹೆಂಡತಿಗೆ ತಿಳಿಯದು. ಹೆಂಡತಿಯು ಹಡಗು ಹತ್ತಿ ಪಾರಾದಳೋ ಸೆರೆಸಿಕ್ಕಿದಳೋ ಎಂದು ಗಂಡನಿಗೆ ತಿಳಿಯದು.

ಈ ಸಂಕಟದಲ್ಲಿ ಕೆನಡ ದೇಶದ ಎಥೆಲ್ ಮಲ್ವೆನಿ ಎಂಬಾಕೆಯು ಒಂದು ಉಪಾಯವನ್ನು ಮಾಡಿದಳು. ಆಕೆಯು ಶಿಬಿರದ ರೆಡ್‌ಕ್ರಾಸ್ ಪ್ರತಿನಿಧಿ. ಆಸ್ಪತ್ರೆಯಲ್ಲಿರುವ ಗಾಯಾಳುಗಳಿಗಾಗಿ ಕೌದಿಗಳನ್ನು ಹೊಲಿದುಕೊಡುವೆವೆಂದು ಅಪ್ಪಣೆ ಬೇಡಿ, ಹೆಂಗಸರಿಗೆ ಚೌಕಾಕಾರದ ಬಿಳಿಯ ಬಟ್ಟೆಯ ತುಂಡುಗಳನ್ನು ಹಂಚಿದಳು. ಪ್ರತಿಯೊಬ್ಬಳೂ ತನ್ನದೆಂದು ತಿಳಿಯುವಂತಹ ಏನನ್ನಾದರೂ ಚಿತ್ರಿಸಿ, ಹೆಸರನ್ನು ಕಸೂತಿಯಲ್ಲಿ ಹಾಕಬೇಕೆಂಬುದು ಏರ್ಪಾಟು. ಹೀಗೆ ಮೂರು ಕೌದಿಗಳಾದುವು; ಒಂದೊಂದರಲ್ಲಿಯೂ ೬೬ ಚೌಕಗಳು. ಒಂದು ಬ್ರಿಟಿಷ್ ಗಾಯಾಳುಗಳಿಗೆ, ಒಂದು ಆಸ್ಟ್ರೇಲಿಯದವರಿಗೆ, ಮತ್ತೊಂದು ಜಪಾನೀಯರಿಗೆ. ಸೆರೆಯಿಟ್ಟವರಿಗೂ ಒಂದು ಕೌದಿಯಿದ್ದುದರಿಂದ ಉಳಿದೆರಡಕ್ಕೆ ಅಪ್ಪಣೆಯು ಸುಲಭವಾಯಿತೆಂದು ಊಹಿಸಬಹುದು. ಮೊದಲನೆಯದು ಬ್ರಿಟಿಷ್ ರೆಡ್‌ಕ್ರಾಸ್ ಸಂಸ್ಥೆಯಲ್ಲಿಯೂ ಉಳಿದೆರಡು ಕ್ಯಾನ್‌ಬೆರದ ಆಸ್ಟ್ರೇಲಿಯ ಯುದ್ಧಸ್ಮಾರಕದಲ್ಲಿಯೂ ಇರುವುವು.

ಆಸ್ಟ್ರೇಲಿಯದ ಕೌದಿಯ ಹಿಂಬದಿಯಲ್ಲಿ ಒಂದು ಬರೆಹವುಂಟು. ಚಾಂಗಿಯ ಹೆಂಗಸರು ಗಾಯಗೊಂಡ ಸೈನಿಕರಿಗೆ ಸಹಾನುಭೂತಿಯಿಂದ ಕೊಟ್ಟರೆಂದೂ, ಯುದ್ಧವು ಮುಗಿದಮೇಲೆ ಇದನ್ನು ಆಸ್ಟ್ರೇಲಿಯದ ರೆಡ್‌ಕ್ರಾಸಿಗೆ ಒಪ್ಪಿಸಬೇಕೆಂದೂ ಅದರ ತಾತ್ಪರ್ಯ. ದಾನಿ, ಪ್ರತಿಗ್ರಾಹಿ, ಕಾಲ, ಮುಂದಣ ಪಾಲನೆ ಈ ಅಂಗಗಳೆಲ್ಲವೂ ನಮ್ಮ ದಾನಶಾಸನಗಳಲ್ಲಿ ಕಾಣುವಂತಹವೇ. ಶಾಸನದ ಕೊನೆಯಲ್ಲಿ ದಾನವನ್ನು ಕೆಡಿಸಿದವರಿಗೆ ಶಾಪಾಶಯವಿರುವುದಷ್ಟೆ. ಇಲ್ಲಿ ಶಾಪವಿಲ್ಲ, ಕೌದಿಯನ್ನು ನೀರಿಲ್ಲದ ಕ್ರಮದಿಂದ ಶುದ್ಧಿಮಾಡುವುದು ಒಳ್ಳೆಯದೆಂಬ ಸೂಚನೆಯಿದೆ. ಎರಡರ ಉದ್ದೇಶವೂ ವಸ್ತುವು ಬಹುಕಾಲ ಉಳಿಯಲೆಂಬುದೇ.

ಇನ್ನು ಹೆಸರುಗಳು. ಲಕ್ಕುಂಡಿಯ ೧೦೦೭ನೆಯ ಇಸವಿಯ ಶಾಸನದಲ್ಲಿ ಅತ್ತಿಮಬ್ಬೆಯ ಮನೆತನದ ವೃತ್ತಾಂತವು ದೊರೆಯುವುದರಿಂದ ಆಕೆಯು ಯಾರ ಮಗಳು, ಯಾರ ಪತ್ನಿ, ಯಾರ ತಾಯಿ ಎಂದು ಹೇಳುವುದು ಕಷ್ಟವಲ್ಲ. ಕೌದಿಯಲ್ಲಿ ವಂಶಾವಳಿಯಿಲ್ಲ, ಹೆಸರು ಮತ್ತು ಚಿತ್ರ, ಅಷ್ಟೆ. ಆದುದರಿಂದ ಚಿತ್ರವನ್ನೇ ಹೆಸರಿನ ವ್ಯಾಖ್ಯಾನವಾಗಿ ಓದಬೇಕು. ಷೀಲಾ ಅಲನ್ ಎಂಬ ಹುಡುಗಿಯು ಹೊಲಿದ ಚೌಕದಲ್ಲಿ ಆಸ್ಟ್ರೇಲಿಯದ ಭೂಪಟವೂ ಅದರ ನಡುವೆ ಕಾಂಗರುವೂ ಇರುವುವು. ಇದನ್ನು ಮಾತ್ರ ನೋಡಿದವನು ಆಕೆಯು ಆ ದೇಶದಿಂದ ಬಂದವಳೆಂದು ನಿರ್ಣಯಿಸುವನು. ನಿಜಸ್ಥಿತಿಯು ಹಾಗಿಲ್ಲ. ಆಕೆಯು ಮಲಯದಲ್ಲಿಯೇ ಹುಟ್ಟಿ ಬೆಳೆದವಳು. ತಂದೆಯು ಆಸ್ಟ್ರೇಲಿಯದವನು, ತಾಯಿಯು ಏಷ್ಯದವಳು. ಸೆರೆಗೆ ಹೋದಾಗ ಆಕೆಗೆ ೧೭ ವಯಸ್ಸು. ಅಲ್ಲಿ ಗುಟ್ಟಾಗಿ ಬರೆದ ದಿನಚರಿಯು ೧೯೯೪ರಲ್ಲಿ ಪ್ರಕಟವಾದುದರಿಂದ ಈ ಸಂಗತಿಗಳು ಉಪಲಬ್ಧವಾಗಿವೆ. ತಂದೆಯು ಬಂಧನದಲ್ಲಿಯೇ ತೀರಿಕೊಂಡನು. ಯುದ್ಧಾನಂತರ ಮಗಳು ಅವನ ನಾಡಿಗೆ ಹೋಗಿ ನೆಲಸಿದಳು. ಹೀಗೆ ಆ ಭೂಪಟವು ಹುಟ್ಟಿದೂರಿನ ಗುರುತಲ್ಲ, ತಾನಿನ್ನೂ ಕಾಣದ ಪಿತೃದೇಶದ ಗುರುತು.

ಎರಡನೆಯ ನಿದರ್ಶನವು ನಾಲ್ಕನೆಯದೊಂದು ಕೌದಿಯಿಂದ. ಶಿಬಿರದ ಗರ್ಲ್ ಗೈಡ್ ದಳದ ಎಂಟರಿಂದ ಹದಿನಾರು ವಯಸ್ಸಿನ ಬಾಲಿಕೆಯರು ತಮ್ಮ ನಾಯಕಿಯಾದ ಎಲಿಜಬೆತ್ ಎನ್ನಿಸ್ ಎಂಬಾಕೆಗೆ ಹುಟ್ಟಿದ ಹಬ್ಬದ ಕಾಣಿಕೆಯಾಗಿ, ಷಟ್ಕೋಣದ ತುಂಡುಗಳಲ್ಲಿ ತಮ್ಮ ಹೆಸರುಗಳನ್ನು ಹೊಲಿದು ಒಂದು ಕೌದಿಯನ್ನು ಮಾಡಿದರು. ದೊಡ್ಡವರ ಕೌದಿಗಳಿಗೆ ಇದೇ ಪ್ರೇರಣೆಯೆಂದು ಹೇಳುವರು. ಇದು ಲಂಡನ್ನಿನ ಇಂಪೀರಿಯಲ್ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ. ಆ ನಾಯಕಿಯು ಭಾರತದ ಸೈನ್ಯಕ್ಕೆ ಸೇರಿದ ದಾದಿ. ಪತಿಯು ಭಾರತೀಯ ವೈದ್ಯಕೀಯ ಸೇವೆಯ ಅಧಿಕಾರಿ. ಸಿಂಗಾಪುರದ ಪತನಕ್ಕೆ ಕೆಲವೇ ದಿವಸಗಳ ಮುಂಚೆ ಅವರ ಮದುವೆಯಾಯಿತು. ಮದುವೆಗೆ ಮುಂಚೆ ಆಕೆಯು ಎಲಿಜಬೆತ್ ಪೆಟ್ರಿ. ಎನ್ನಿಸ್ ಎಂಬ ಹೆಸರನ್ನು ಹಿಡಿದು ಮದುವೆಯ ಹಿಂದಣ ದಾಖಲೆಗಳಲ್ಲಿ ಹುಡುಕುವವನಿಗೆ ಆಕೆಯು ಸಿಕ್ಕಲಾರಳು. ಕನ್ನೆಯ ಗೋತ್ರವು ಪಾಣಿಗ್ರಹಣದೊಡನೆ ಮಾರ್ಪಡುವ ನಮ್ಮ ವಂಶಾವಳಿಗಳಲ್ಲಿಯೂ ಇದೇ ತೊಡಕು.

ಈ ನಿದರ್ಶನಗಳಿಂದ ಮೂರು ನಿಯಮಗಳನ್ನು ಹೇಳಬಹುದು. ಮೊದಲನೆಯದು: ಕೌದಿಯ ಹೆಸರು ದಾನವನ್ನು ಪಡೆದವರ ಹೆಸರೇ ಹೊರತು ಹೊಲಿದವರ ದೇಶವನ್ನು ಹೇಳುವುದಿಲ್ಲ. ಎರಡನೆಯದು: ಒಂದೇ ಹೆಸರನ್ನು ಬೇರ್ಪಡಿಸಿಕೊಂಡು ಹುಡುಕಬಾರದು. ತಾಮ್ರಶಾಸನದ ಸಾಕ್ಷಿಗಳ ಪಟ್ಟಿಯನ್ನು ಹೇಗೆ ಒಂದು ಊರಿನ ಸಭೆಯೆಂದು ಓದುವೆವೋ ಹಾಗೆಯೇ ಈ ಹೆಸರುಗಳೆಲ್ಲವನ್ನೂ ಒಟ್ಟಾಗಿಟ್ಟು, ಇವರನ್ನು ಒಂದೆಡೆ ಸೇರಿಸಿದ ಸಂದರ್ಭವೇನೆಂದು ಮೊದಲು ಕೇಳಬೇಕು. ಅಮೆರಿಕದಲ್ಲಿ ಅದು ಮದುವೆ ಅಥವಾ ವಲಸೆ, ಇಲ್ಲಿ ಸೆರೆ. ಒಬ್ಬಳ ಗುರುತು ದೃಢವಾದರೆ ಪಕ್ಕದವಳ ಗುರುತಿಗೂ ದಾರಿಯಾಗುವುದು. ಮೂರನೆಯದು: ಇಲ್ಲದ ಹೆಸರುಗಳನ್ನೂ ಎಣಿಸಬೇಕು. ಮೂರು ಕೌದಿಗಳ ಚೌಕಗಳೆಲ್ಲ ಸೇರಿ ೧೯೮; ಶಿಬಿರದಲ್ಲಿದ್ದವರು ಅದಕ್ಕಿಂತ ಇಮ್ಮಡಿ. ಸೂಜಿ ಹಿಡಿಯದವರು, ಕಾಯಿಲೆಯವರು, ಎಳೆಯ ಮಕ್ಕಳು ಈ ಪಟ್ಟಿಯ ಹೊರಗಿದ್ದಾರೆ.

ಕೌದಿಗಳು ಸೈನಿಕ ಬಂದಿಗಳ ಆಸ್ಪತ್ರೆಗೆ ಹೋದಾಗ ಅಲ್ಲಿದ್ದವರು ಮೊದಲು ಹುಡುಕಿದ್ದು ಹೆಸರುಗಳನ್ನೇ ಎಂಬುದರಲ್ಲಿ ಸಂದೇಹವಿಲ್ಲ. ಅವರಿಗೆ ಆ ಹೆಸರು ಚರಿತ್ರೆಯಲ್ಲ. ಈಕೆಯು ಜೀವಿಸಿರುವಳು ಎಂಬ ವಾರ್ತೆ. ನಾವು ಈಗ ಮಾಡುವ ವಂಶಶೋಧನೆಯು ಆ ಮೊದಲ ಓದಿನ ಮುಂದುವರಿಕೆಯೆಂದೇ ತಿಳಿಯಬೇಕು.

ನಮ್ಮ ನಾಡಿನಲ್ಲಿ ಒಕ್ಕಲು ಮನೆತನಗಳ ಪೀಳಿಗೆಯನ್ನು ಹೇಳುವ ಹೆಳವರಿರುವರು. ಎತ್ತಿನ ಮೇಲೆ ಬಂದು, ಹೊತ್ತಗೆಯನ್ನು ಬಿಚ್ಚಿ, ತಲೆಮಾರುಗಳನ್ನು ಹೇಳುವರು. ಆದರೆ ಅವರ ಎಣಿಕೆಯು ಹೆಚ್ಚಾಗಿ ಗಂಡುಸಂತತಿಯ ಜಾಡನ್ನೇ ಹಿಡಿದು ನಡೆಯುವುದು. ಹೆಣ್ಣುಸಂತತಿಯ ನೆನಪಿಗೆ ಕೌದಿಯಂತಹ ವಸ್ತುಗಳೇ ಆಧಾರ. ನನ್ನ ತಾಯಿಯವರು ಹೊಲಿದ ಕೌದಿಯೊಂದು ನಮ್ಮ ಮನೆಯಲ್ಲಿದೆ. ಇದು ಅಜ್ಜಿಯ ಸೀರೆ, ಇದು ತೀರಿಹೋದ ಚಿಕ್ಕಮ್ಮನ ಕುಪ್ಪಸ ಎಂದು ಅವರು ಒಂದೊಂದು ತುಂಡನ್ನೂ ಮುಟ್ಟಿ ಹೇಳುತ್ತಿದ್ದರು. ಶಾಸನಗಳ ಪಡಿಯಚ್ಚು ತೆಗೆಯಲು ಊರೂರು ಅಲೆದ ನಾನು ಆ ಮಾತುಗಳನ್ನು ಒಂದು ಹಾಳೆಯಲ್ಲಾದರೂ ಬರೆದಿಡಲಿಲ್ಲ. ಅವರು ಕಾಲವಾದ ಮೇಲೆ ಇಪ್ಪತ್ತಕ್ಕೂ ಮಿಕ್ಕ ತುಂಡುಗಳಲ್ಲಿ ನಾನು ಗುರುತಿಸಬಲ್ಲವು ಎರಡೇ. ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳ ಮೂಲಕ ಮನೆಮನೆಯ ಹಿರಿಯ ಹೆಂಗಸರನ್ನು ಕೇಳಿ ಇಂತಹ ಹೆಸರುಗಳನ್ನು ಬರೆಯಿಸಿಡುವುದು ಅವಶ್ಯಕ. ಕಲ್ಲಿನ ಶಾಸನವು ಇನ್ನಷ್ಟು ಕಾಲ ಕಾಯಬಲ್ಲುದು, ಇದು ಕಾಯಲಾರದು.