ಮುಂಬಯಿಯಲ್ಲಿ ಹುಟ್ಟಿದ ಒಂದು ಯುದ್ಧನೌಕೆ

ಕೋಟೆ ಭಾಗದ ಕಚೇರಿಗಳಿಗೆ ಹೋಗಿಬರುವ ಕನ್ನಡಿಗರಿಗೆ ಲಯನ್ ಗೇಟ್ ಪರಿಚಿತವೇ. ಅದರಾಚೆಯ ಡಾಕ್‌ಯಾರ್ಡಿನಲ್ಲಿ ಎರಡು ಶತಮಾನಗಳ ಹಿಂದೆ ಕಟ್ಟಿದ ಯುದ್ಧನೌಕೆಯೊಂದು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆಯೆಂಬುದನ್ನು ಬಲ್ಲವರು ವಿರಳ. ಅದರ ಹೆಸರು 'ಟ್ರಿಂಕೋಮಲಿ'. ಸಿಂಹಳದ ಬಂದರಿನ ಹೆಸರು.

ನೆಪೋಲಿಯನ್ನನೊಡನೆ ನಡೆದ ದೀರ್ಘ ಯುದ್ಧದಿಂದ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಅಭಾವವುಂಟಾಯಿತು. ಮಲಬಾರಿನ ಸಾಗುವಾನಿಯ ಮೇಲೆ ಕಣ್ಣು ಬಿದ್ದುದು ಆಗಲೇ. ಓಕಿನ ರಸ ಕಬ್ಬಿಣದ ಮೊಳೆಗಳನ್ನು ತಿಂದುಹಾಕುತ್ತದೆ; ಸಾಗುವಾನಿಯ ಎಣ್ಣೆಯಾದರೋ ಅವನ್ನು ಕಾಪಾಡುತ್ತದೆ. 1812ರಲ್ಲಿ ಮುಂಬಯಿಗೆ ಅಪ್ಪಣೆಯಾಯಿತು. ಆದರೆ ನಕ್ಷೆಗಳನ್ನು ಹೊತ್ತು ತರುತ್ತಿದ್ದ 'ಜಾವಾ' ಹಡಗು ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕನ್ನರ ಕೈಗೆ ಸಿಕ್ಕಿ ನಾಶವಾಯಿತು. ಮತ್ತೊಂದು ಪ್ರತಿ ಬಂದು, ಕೆಲಸ ಮೊದಲಾದುದು 1816ರ ಏಪ್ರಿಲಿನಲ್ಲಿ. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು!

ಕಟ್ಟಿದವರು ಜಮಶೇಟಜಿ ಬಮನಜಿ ವಾಡಿಯಾ. ಅವರ ತಾತ ಲವಜಿ ನಸರ್ವಾನಜಿ 1736ರಲ್ಲಿ ಸೂರತ್ತಿನಿಂದ ಕೆಲಸಕ್ಕಾಗಿ ಬಂದವರು; ಈ ನಗರಕ್ಕೆ ನಮ್ಮಂತೆಯೇ ವಲಸಿಗರು. ಪಾರಸಿ ಪದ್ಧತಿಯಂತೆ ಅಡಿತೊಲೆಗೆ ಬೆಳ್ಳಿಯ ಮೊಳೆ ಹೊಡೆದು ಆರಂಭಿಸಿದ ಹಡಗು 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಚೀನಾದೊಡನೆ ನಾನ್‌ಕಿಂಗ್ ಒಪ್ಪಂದಕ್ಕೆ 1842ರಲ್ಲಿ ಸಹಿ ಬಿದ್ದ 'ಕಾರ್ನ್‌ವಾಲಿಸ್' ನೌಕೆಯೂ ಇದೇ ಜಮಶೇಟಜಿಯವರ ಕೈಗೆಲಸ. ಇಂಥವರನ್ನು ನಮ್ಮ ಶಾಲೆಯ ಪುಸ್ತಕಗಳು ಮರೆತದ್ದು ಸೋಜಿಗವೇ ಸರಿ.

1819ರಲ್ಲಿ ಪೋರ್ಟ್ಸ್‌ಮತ್ ಸೇರಿದ ಹಡಗಿಗೆ ಕಾದಿದ್ದುದು ರಣರಂಗವಲ್ಲ. ಶಾಂತಿಕಾಲದಲ್ಲಿ ಬೇಡವೆಂದು ಮೇಲೆ ಮಾಡು ಹೊದಿಸಿ ಕಟ್ಟಿಹಾಕಿದರು. ಕಾಲು ಶತಮಾನಕ್ಕೂ ಮಿಕ್ಕಿ ಹಾಗೆಯೇ ನಿಂತಿತು! ಬಳಿಕ ತೋಪುಗಳನ್ನು 26ಕ್ಕೆ ಇಳಿಸಿ, 1847ರಿಂದ 1850ರವರೆಗೆ ಉತ್ತರ ಅಮೆರಿಕ ಹಾಗೂ ವೆಸ್ಟ್ ಇಂಡೀಸ್ ತೀರಗಳಿಗೂ, 1852ರಿಂದ 1857ರವರೆಗೆ ಶಾಂತಸಾಗರಕ್ಕೂ ಕಳುಹಿಸಿದರು. ಎರಡನೆಯ ಯಾನದ ನಡುವೆ ಕ್ರಿಮಿಯಾ ಯುದ್ಧ ನಡೆದರೂ ದೊಡ್ಡ ಕದನದ ಕೀರ್ತಿ ಇದರ ಪಾಲಿಗೆ ಬರಲಿಲ್ಲ.

1860ರ ನಂತರ ಅದು ನಾವಿಕರ ಪಾಠಶಾಲೆಯಾಯಿತು. 1897ರಲ್ಲಿ ಒಡೆಯಲೆಂದು ಮಾರಿದಾಗ, ವೀಟ್ಲಿ ಕಾಬ್ ಎಂಬ ಉದಾರಿ ಕೊಂಡುಕೊಂಡರು. ಬಿರುಗಾಳಿಗೆ ಸಿಕ್ಕಿ ಒಡೆದ ತಮ್ಮ 'ಫೂಡ್ರಾಯಂಟ್' ಹಡಗಿನ ಹೆಸರನ್ನೇ ಇದಕ್ಕಿಟ್ಟು ಹುಡುಗರಿಗೆ ತರಬೇತಿ ಕೊಟ್ಟರು. ಪರರ ಹೆಸರಿನಲ್ಲೇ ಅದು 1986ರವರೆಗೆ ದುಡಿಯಿತು.

1987ರಲ್ಲಿ ಹಾರ್ಟ್ಲ್‌ಪೂಲಿಗೆ ಸಾಗಿಸಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೀರ್ಣೋದ್ಧಾರ ನಡೆಸಿದರು. 1992ರಲ್ಲಿ ಹಳೆಯ ಹೆಸರು ಮರಳಿ ಬಂತು. ಅಲ್ಲಿಗೆ ಹೋದವರು ಒಳಹೊಕ್ಕು ನೋಡಬಹುದು. ಅದರ ಮರದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಮುಂಬಯಿಯ ಬಡಗಿಗಳು ಜೋಡಿಸಿದ ಸಾಗುವಾನಿಯೇ.